ಚಿಕ್ಕ ಮನೆ ಕಟ್ಟಲು ಸಾಲ, ಸಹಾಯಧನ: ಫಾರ್ವರ್ಡ್ ಮೆಸೇಜ್‌ಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

"ಸ್ವಂತ ಮನೆ ಇಲ್ಲದವರಿಗೆ ಸರ್ಕಾರದಿಂದ 2.67 ಲಕ್ಷ ರೂಪಾಯಿ. ಕೂಡಲೇ ಕೆಳಗಿನ ಲಿಂಕ್ ಒತ್ತಿ ಅರ್ಜಿ ಹಾಕಿ. ಕನಿಷ್ಠ ಹತ್ತು ಜನರಿಗೆ ಕಳಿಸಿ." ಈ ಬಗೆಯ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. "ಬಡ್ಡಿಯಿಲ್ಲದೆ 5 ಲಕ್ಷ ಸಾಲ", "ಸೈಟ್ ಬೇಡ, ಪತ್ರ ಬೇಡ, ಕಂಟೇನರ್ ಮನೆಗೆ ಇಎಂಐ ಸಾಕು" ಎಂಬ ಮಾತುಗಳೂ ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತವೆ.

ಇವು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಹಳೆಯ ಯೋಜನೆಯೊಂದರ ಮೊತ್ತ, ಬೇರೆ ಉದ್ದೇಶದ ಸಾಲ, ಪೇಟೆಗೆ ಮಾತ್ರ ಅನ್ವಯಿಸುವ ನಿಯಮ, ಎಲ್ಲ ಸೇರಿ ಒಂದು ಮೆಸೇಜ್ ಆಗಿರುತ್ತದೆ. ನಂಬಿ ತಳಪಾಯ ತೆಗೆದ ಮೇಲೆ ದುಡ್ಡು ಬಾರದಿದ್ದರೆ ನಷ್ಟ ಮೆಸೇಜ್ ಕಳಿಸಿದವರದ್ದಲ್ಲ, ಮನೆ ಕಟ್ಟಲು ಹೊರಟವರದ್ದು.

ಹಾಗಾಗಿ ನಾವು ಒಂದು ಊರನ್ನು ಕಣ್ಣ ಮುಂದೆ ಇಟ್ಟುಕೊಂಡು ಈ ವಿಷಯ ನೋಡೋಣ. ಅದು ಚಿಕ್ಕಮಗಳೂರು ಜಿಲ್ಲೆ ತರೀಕೆರೆ ತಾಲ್ಲೂಕಿನ ಅಮೃತಾಪುರ. ಅಲ್ಲಿ ಮೂರು ಚದರದ ಮನೆ ಕಟ್ಟಲು ಹೊರಟ ಕುಟುಂಬಕ್ಕೆ ಹಣದ ದಾರಿಗಳು ಯಾವುವು? ಇಲ್ಲಿ ಹೇಳುವ ಹೆಚ್ಚಿನ ಮಾತು ಕಡೂರು, ಅಜ್ಜಂಪುರ ಸೇರಿ ರಾಜ್ಯದ ಯಾವುದೇ ಹಳ್ಳಿಗೂ ಸಲ್ಲುತ್ತದೆ. ಒಂದು ವಿಷಯ ಮಾತ್ರ ಅಮೃತಾಪುರದಂಥ ಊರುಗಳಿಗೇ ವಿಶೇಷ. ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಚುಟುಕಾಗಿ ಉತ್ತರ

• "ಎಲ್ಲರಿಗೂ 2.67 ಲಕ್ಷ ಸಬ್ಸಿಡಿ": ತಪ್ಪು. ಆ ಯೋಜನೆ 2022ರ ಮಾರ್ಚ್ 31ಕ್ಕೇ ಮುಗಿದಿದೆ. ಅದೂ ಪಟ್ಟಣ ಪ್ರದೇಶದ ಗೃಹಸಾಲಕ್ಕೆ ಇದ್ದದ್ದು.
• "ಹಳ್ಳಿಯಲ್ಲಿ ಮನೆ ಕಟ್ಟಲು ಸರ್ಕಾರದ ನೆರವು ಇದೆ": ನಿಜ. ಆದರೆ ಅದು ಪಂಚಾಯ್ತಿಯ ಮೂಲಕ, ಅರ್ಹರಿಗೆ, ಕಂತುಗಳಲ್ಲಿ ಬರುತ್ತದೆ.
• "ಸೊಸೈಟಿಯ ಶೂನ್ಯ ಬಡ್ಡಿ ಸಾಲದಲ್ಲಿ ಮನೆ ಕಟ್ಟಬಹುದು": ತಪ್ಪು. ಅದು ಬೆಳೆ ಸಾಲ.
• "ಕಂಟೇನರ್ ಮನೆಗೂ ಗೃಹಸಾಲ ಸುಲಭ": ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು.
• "ಚಿಕ್ಕ ಮೊತ್ತಕ್ಕೆ ಬ್ಯಾಂಕ್ ಯಾಕೆ, ಕೈಸಾಲ ಸಾಕು": ಈ ಮಾತು ಎಲ್ಲಕ್ಕಿಂತ ದುಬಾರಿ. ಲೆಕ್ಕ ಕೆಳಗಿದೆ.

ಚಿಕ್ಕ ಮನೆ ಎಂದರೆ ಎಷ್ಟು ಚಿಕ್ಕದು?

ಅಮೆರಿಕದಲ್ಲಿ 'ಟೈನಿ ಹೋಮ್' ಎಂಬುದು ಕೆಲವು ವರ್ಷಗಳಿಂದ ದೊಡ್ಡ ಸುದ್ದಿ. ಅಲ್ಲಿನ ಮಾದರಿ ಕಟ್ಟಡ ಸಂಹಿತೆಯ ಪ್ರಕಾರ 400 ಚದರ ಅಡಿ ಅಥವಾ ಅದಕ್ಕಿಂತ ಕಡಿಮೆ ಇರುವ ಮನೆ 'ಟೈನಿ'. ನಮ್ಮ ಲೆಕ್ಕದಲ್ಲಿ ನಾಲ್ಕು ಚದರ.

ಇನ್ನು ನಮ್ಮ ಕಡೆ ನೋಡಿ. ಪ್ರಧಾನ ಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಅಡಿ ಕಟ್ಟುವ ಮನೆ ಅಡುಗೆ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್ ಇರಬೇಕು. ಅಂದರೆ ಸುಮಾರು 269 ಚದರ ಅಡಿ, ಮೂರು ಚದರಕ್ಕಿಂತಲೂ ಕಡಿಮೆ. ಅಲ್ಲಿ ಫ್ಯಾಷನ್ ಆಗಿರುವುದಕ್ಕಿಂತ ಚಿಕ್ಕ ಮನೆ ನಮ್ಮ ಹಳ್ಳಿಗಳಲ್ಲಿ ಲಕ್ಷಾಂತರ ಕುಟುಂಬಗಳ ಮೊದಲ ಪಕ್ಕಾ ಮನೆ. ಹಾಗಾಗಿ ಚಿಕ್ಕ ಮನೆಗೆ ಹಣ ಹೊಂದಿಸುವುದು ನಮ್ಮಲ್ಲಿ ಹೊಸ ಪ್ರಶ್ನೆಯಲ್ಲ. ಅದಕ್ಕೆ ಸಿದ್ಧ ದಾರಿಗಳೂ ಇವೆ.

ಪಂಚಾಯ್ತಿಯ ದಾರಿ: ಯಾವ ಯೋಜನೆ, ಎಷ್ಟು ಹಣ?

ಕೇಂದ್ರದ ಗ್ರಾಮೀಣ ಆವಾಸ್ ಯೋಜನೆ 2016ರಲ್ಲಿ ಶುರುವಾಯಿತು. ಬಯಲು ಪ್ರದೇಶದಲ್ಲಿ ಒಂದು ಮನೆಗೆ 1.20 ಲಕ್ಷ ರೂಪಾಯಿ. ಇದರಲ್ಲಿ ಕೇಂದ್ರದ ಪಾಲು 60%, ರಾಜ್ಯದ್ದು 40%. ಇದರ ಜೊತೆಗೆ ಶೌಚಾಲಯಕ್ಕೆ 12,000 ರೂಪಾಯಿ ಮತ್ತು ಉದ್ಯೋಗ ಖಾತರಿಯಿಂದ ನಿಮ್ಮದೇ ಮನೆಯ ಕೆಲಸಕ್ಕೆ 90 ದಿನಗಳ ಕೂಲಿ ಸೇರಿಸಿಕೊಳ್ಳಲು ಮಾರ್ಗಸೂಚಿಯಲ್ಲಿ ಅವಕಾಶ ಇದೆ. 2025-26ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ 90 ದಿನಕ್ಕೆ 33,300. ಮೂರೂ ಸೇರಿದರೆ 1,65,300 ರೂಪಾಯಿ. ಕೂಲಿಯ ದರವೂ ನಿಯಮವೂ ಬದಲಾಗುತ್ತಿರುತ್ತವೆ, ಈಗಿನದನ್ನು ಪಂಚಾಯ್ತಿಯಲ್ಲಿ ಕೇಳಿಕೊಳ್ಳಿ.

ಬೇಕೆನ್ನುವವರಿಗೆ ಬ್ಯಾಂಕಿನಿಂದ 70,000 ರೂಪಾಯಿವರೆಗೆ ಸಾಲ ಕೊಡಿಸಲು ನೆರವಾಗಬೇಕು ಎಂದೂ ಇದೇ ಯೋಜನೆ ಹೇಳುತ್ತದೆ. ಇದನ್ನು ಕೇಳುವವರು ಕಡಿಮೆ. ನಿಮಗೆ ಮಂಜೂರಾಗಿದ್ದರೆ ಪಿಡಿಒ ಅವರ ಬಳಿ ಈ ವಿಷಯ ಎತ್ತಿ.

ರಾಜ್ಯದ ಯೋಜನೆಗಳನ್ನು ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ನೋಡಿಕೊಳ್ಳುತ್ತದೆ. ಇದು 2000ದಲ್ಲಿ ಸ್ಥಾಪನೆಯಾದ ಸಂಸ್ಥೆ. ಇದರಡಿ ಮುಖ್ಯವಾಗಿ ಮೂರು ಹೆಸರು ಕೇಳುತ್ತೀರಿ:

• ಬಸವ ವಸತಿ ಯೋಜನೆ: ಗ್ರಾಮೀಣ ವಸತಿರಹಿತರಿಗೆ, 1.20 ಲಕ್ಷ ರೂಪಾಯಿ.
• ಡಾ. ಬಿ.ಆರ್. ಅಂಬೇಡ್ಕರ್ ನಿವಾಸ ಯೋಜನೆ: ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಗ್ರಾಮೀಣ ಭಾಗದಲ್ಲಿ 1.75 ಲಕ್ಷ ರೂಪಾಯಿ.
• ದೇವರಾಜ ಅರಸು ವಸತಿ ಯೋಜನೆ: ಅಂಗವಿಕಲರು, ವಿಧವೆಯರು ಮುಂತಾದ ವಿಶೇಷ ವರ್ಗದವರಿಗೆ.

ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ಆಗುತ್ತದೆ. ಮನೆಯನ್ನು ಸಾಮಾನ್ಯವಾಗಿ ಹೆಣ್ಣುಮಕ್ಕಳ ಹೆಸರಿಗೆ, ಇಲ್ಲವೇ ಗಂಡ ಹೆಂಡತಿ ಇಬ್ಬರ ಹೆಸರಿಗೆ ಮಂಜೂರು ಮಾಡುತ್ತಾರೆ. "ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ ಮೂರೇ ದಿನಕ್ಕೆ ಹಣ" ಎಂಬುದು ಇಲ್ಲಿ ಯಾವ ಹಂತದಲ್ಲೂ ಇಲ್ಲ.

ಯಾರಿಗೆ ಸಿಗುವುದಿಲ್ಲ?

ಫಾರ್ವರ್ಡ್‌ಗಳು ಹೇಳದೇ ಬಿಡುವ ಭಾಗ ಇದು. ಕೇಂದ್ರದ ಯೋಜನೆಯಲ್ಲಿ ಈ ಕೆಳಗಿನವರನ್ನು ಕೈಬಿಡುತ್ತಾರೆ:

• ಮೂರು ಅಥವಾ ನಾಲ್ಕು ಚಕ್ರದ ಮೋಟಾರು ವಾಹನ, ಅಂಥದೇ ಕೃಷಿ ಯಂತ್ರ ಇರುವ ಕುಟುಂಬ
• 50,000 ರೂಪಾಯಿ ಅಥವಾ ಹೆಚ್ಚು ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್ ಇರುವವರು
• ಸರ್ಕಾರಿ ನೌಕರ ಇರುವ ಕುಟುಂಬ
• ಕುಟುಂಬದಲ್ಲಿ ಯಾರಾದರೂ ತಿಂಗಳಿಗೆ 15,000ಕ್ಕಿಂತ ಹೆಚ್ಚು ದುಡಿಯುತ್ತಿದ್ದರೆ
• ಆದಾಯ ತೆರಿಗೆ ಅಥವಾ ವೃತ್ತಿ ತೆರಿಗೆ ಕಟ್ಟುವವರು
• ಎರಡೂವರೆ ಎಕರೆ ಅಥವಾ ಹೆಚ್ಚು ನೀರಾವರಿ ಜಮೀನು, ಇಲ್ಲವೇ ಐದು ಎಕರೆ ಅಥವಾ ಹೆಚ್ಚು ಖುಷ್ಕಿ ಜಮೀನು ಇರುವವರು

2024ರಲ್ಲಿ ಯೋಜನೆಯನ್ನು 2028-29ರವರೆಗೆ ಮುಂದುವರಿಸಿದಾಗ ಕೆಲವು ಷರತ್ತು ಸಡಿಲವಾದವು. ಬೈಕ್ ಅಥವಾ ಫ್ರಿಜ್ ಇದ್ದರೆ ಮನೆ ಇಲ್ಲ ಎಂಬ ನಿಯಮ ಈಗಿಲ್ಲ. ತಿಂಗಳ ಆದಾಯದ ಮಿತಿ 10,000ದಿಂದ 15,000ಕ್ಕೆ ಏರಿತು. "ಬೈಕ್ ಇದೆ, ನಿನಗೆ ಸಿಗಲ್ಲ" ಎಂದು ಯಾರಾದರೂ ಹೇಳಿದರೆ ಅದು ಹಳೆಯ ಮಾತು.

ಆದರೆ ಕಿಸಾನ್ ಕಾರ್ಡಿನ ಷರತ್ತು ಉಳಿದಿದೆ. ತರೀಕೆರೆ ಕಡೆಯ ಅಡಿಕೆ, ತೆಂಗಿನ ಸಣ್ಣ ಹಿಡುವಳಿದಾರರು ಗಮನಿಸಬೇಕಾದದ್ದು ಇದು. ಜಮೀನು ಒಂದೇ ಎಕರೆ ಇರಬಹುದು, ಮನೆ ಸೋರುತ್ತಿರಬಹುದು, ಆದರೂ ಕಾರ್ಡಿನ ಮಿತಿ 50,000 ದಾಟಿದ್ದರೆ ಈ ಪಟ್ಟಿಯಿಂದ ಹೊರಗೆ. ಅಂಥವರು ರಾಜ್ಯದ ಯೋಜನೆಯಲ್ಲಿ ಅರ್ಹತೆ ಇದೆಯೇ ಎಂದು ಪಂಚಾಯ್ತಿಯಲ್ಲಿ ಪ್ರತ್ಯೇಕವಾಗಿ ಕೇಳಬೇಕು. ಎರಡರ ನಿಯಮ ಒಂದೇ ಅಲ್ಲ.

ಹಣ ಮೊದಲೇ ಬರುತ್ತದೆಯೇ?

ಇಲ್ಲ, ಪೂರ್ತಿ ಬರುವುದಿಲ್ಲ. ರಾಜ್ಯದ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ನಾಲ್ಕು ಹಂತ. ಪ್ರತಿ ಹಂತ ಮುಗಿದ ಮೇಲೆ ಸ್ಥಳದ ಗುರುತು ಸಹಿತ ಜಿಪಿಎಸ್ ಫೋಟೊ ತೆಗೆದು ಅಪ್‌ಲೋಡ್ ಮಾಡುತ್ತಾರೆ. ಆಮೇಲೆ ಆ ಹಂತದ ಹಣ ಆಧಾರ್ ಜೋಡಿಸಿದ ಖಾತೆಗೆ ಬರುತ್ತದೆ.

ಅಂದರೆ ಇಟ್ಟಿಗೆ, ಸಿಮೆಂಟು, ಮೇಸ್ತ್ರಿ ಕೂಲಿಗೆ ಮೊದಲು ನಿಮ್ಮ ಕೈಯಿಂದ ಹೋಗಬೇಕು. ಅನೇಕರು ಸಿಕ್ಕಿಬೀಳುವುದು ಇಲ್ಲೇ. ಗೋಡೆ ಎದ್ದಿರುತ್ತದೆ, ಮೋಲ್ಡ್ ಹಾಕಲು ಹಣ ಇರುವುದಿಲ್ಲ, ಆಗ ಬಡ್ಡಿ ಸಾಲಕ್ಕೆ ಹೋಗುತ್ತಾರೆ. ಒಂದು ಹಂತಕ್ಕೆ ಸಾಕಾಗುವಷ್ಟು ಹಣ ಕೈಯಲ್ಲಿ ಇಟ್ಟುಕೊಂಡೇ ಗುದ್ದಲಿ ಪೂಜೆ ಮಾಡುವುದು ಒಳ್ಳೆಯದು. ಹಾಗೆಯೇ, ಮಂಜೂರಾತಿ ಆದೇಶ ಕೈಗೆ ಬರುವ ಮೊದಲೇ ಕೆಲಸ ಶುರು ಮಾಡಬೇಡಿ. ಆಗಲೇ ಕಟ್ಟಿದ ಭಾಗಕ್ಕೆ ಹಣ ಸಿಗುತ್ತದೆ ಎಂದು ನಂಬಿಕೊಳ್ಳುವಂತಿಲ್ಲ.

2.67 ಲಕ್ಷದ ಕಥೆ ಏನು?

2015ರಲ್ಲಿ ಶುರುವಾದ ನಗರ ಆವಾಸ್ ಯೋಜನೆಯಲ್ಲಿ ಗೃಹಸಾಲದ ಬಡ್ಡಿಗೆ ಸಬ್ಸಿಡಿ ಇತ್ತು. ಕಡಿಮೆ ಆದಾಯದವರಿಗೆ 6 ಲಕ್ಷದವರೆಗಿನ ಸಾಲಕ್ಕೆ 6.5% ಬಡ್ಡಿ ರಿಯಾಯಿತಿ. ಅದರ ಗರಿಷ್ಠ ಮೊತ್ತ ಸುಮಾರು 2.67 ಲಕ್ಷ. ಮೆಸೇಜ್‌ನಲ್ಲಿರುವ ಸಂಖ್ಯೆ ಅಲ್ಲಿಂದ ಬಂದದ್ದು. ಅದು ಸಾಲ ತೆಗೆದುಕೊಂಡವರ ಸಾಲದ ಖಾತೆಗೆ ಜಮೆಯಾಗುತ್ತಿತ್ತೇ ಹೊರತು ಕೈಗೆ ಬರುವ ದುಡ್ಡಲ್ಲ.

ಈಗ ಇರುವುದು 2024ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ನಗರ ಆವಾಸ್ 2.0. ಇದರ ಬಡ್ಡಿ ಸಹಾಯಧನದ ನಿಯಮ ಬೇರೆ. ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗೆ, ಮನೆಯ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇರಬೇಕು. ಮೊದಲ 8 ಲಕ್ಷ ಸಾಲಕ್ಕೆ 4% ಸಹಾಯಧನ, ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತುಗಳಲ್ಲಿ. ದೇಶದಲ್ಲಿ ಎಲ್ಲೂ ನಿಮ್ಮ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು.

ಇದು ಪಟ್ಟಣಗಳಿಗೆ. ತರೀಕೆರೆ, ಕಡೂರು, ಬೀರೂರು ಪುರಸಭೆ ವ್ಯಾಪ್ತಿಯಲ್ಲಿ ಚಿಕ್ಕ ಮನೆ ಕೊಳ್ಳುವವರು ಬ್ಯಾಂಕಿನಲ್ಲಿ ವಿಚಾರಿಸಬಹುದು. ಅಮೃತಾಪುರದ ಗ್ರಾಮಠಾಣೆಯಲ್ಲಿ ಮನೆ ಕಟ್ಟುವವರು ಇದನ್ನು ನಂಬಿಕೊಂಡು ಲೆಕ್ಕ ಹಾಕಬಾರದು.

ಬ್ಯಾಂಕ್ ಸಾಲ: ಎಷ್ಟು ಕೊಡುತ್ತಾರೆ, ಏನು ಕೇಳುತ್ತಾರೆ?

ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದವರೆಗಿನ ಗೃಹಸಾಲದಲ್ಲಿ ಆಸ್ತಿಯ ಬೆಲೆಯ 90%ವರೆಗೆ ಸಾಲ ಕೊಡಬಹುದು. 'ಕೊಡಬಹುದು' ಎಂಬ ಪದ ಗಮನಿಸಿ. ಅದು ಮಿತಿ, ಹಕ್ಕು ಅಲ್ಲ. ನಿಮ್ಮ ಆದಾಯ, ಹಳೆಯ ಸಾಲ ಕಟ್ಟಿದ ರೀತಿ, ಸೈಟಿನ ಪತ್ರ ನೋಡಿ ಬ್ಯಾಂಕ್ ಕಡಿಮೆಯನ್ನೂ ಕೊಡಬಹುದು. ಕೆಲವು ಕಡೆ ಕನಿಷ್ಠ ಸಾಲದ ಮೊತ್ತ ಎಂದೂ ಇರುತ್ತದೆ. ಎರಡು ಮೂರು ಲಕ್ಷ ಕೇಳಿದಾಗ ಒಂದು ಬ್ಯಾಂಕ್ ಒಲ್ಲೆ ಎಂದರೆ ಅಲ್ಲಿಗೇ ನಿಲ್ಲಿಸದೆ ಗ್ರಾಮೀಣ ಬ್ಯಾಂಕ್, ಸಹಕಾರ ಬ್ಯಾಂಕ್‌ಗಳಲ್ಲೂ ಕೇಳಿ.

ಪಗಾರದ ಚೀಟಿ ಇಲ್ಲದವರಿಗೆ ಗೃಹಹಣಕಾಸು ಕಂಪನಿಗಳು ಸಾಲ ಕೊಡುತ್ತವೆ. ಬಡ್ಡಿ ಸಾಮಾನ್ಯವಾಗಿ ಬ್ಯಾಂಕಿಗಿಂತ ಹೆಚ್ಚು. ಎಲ್ಲೇ ತೆಗೆದುಕೊಳ್ಳಿ, ಸಹಿ ಹಾಕುವ ಮೊದಲು ಈ ನಾಲ್ಕು ವಿಷಯ ನೆನಪಿರಲಿ.

ಒಂದು, 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೇಳಿ. 2024ರ ಅಕ್ಟೋಬರ್ 1ರಿಂದ ಹೊಸ ವೈಯಕ್ತಿಕ ಸಾಲಗಳಿಗೆಲ್ಲ ಇದನ್ನು ಕೊಡಲೇಬೇಕು. ಬಡ್ಡಿ, ಶುಲ್ಕ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಶೇಕಡಾ ಬೀಳುತ್ತದೆ ಎಂಬುದು ಅದರಲ್ಲಿರುತ್ತದೆ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಕೇಳುವುದು ನಿಮ್ಮ ಹಕ್ಕು.

ಎರಡು, 'ಫ್ಲಾಟ್' ಬಡ್ಡಿಯ ಬಲೆ. "ಬರೀ 10% ಫ್ಲಾಟ್" ಎಂದು 2 ಲಕ್ಷವನ್ನು 3 ವರ್ಷಕ್ಕೆ ಕೊಟ್ಟರೆ ಬಡ್ಡಿ 60,000, ತಿಂಗಳ ಕಂತು ಸುಮಾರು 7,222. ನೀವು ಪ್ರತಿ ತಿಂಗಳು ಅಸಲು ತೀರಿಸುತ್ತಿದ್ದರೂ ಬಡ್ಡಿ ಪೂರ್ತಿ 2 ಲಕ್ಷಕ್ಕೇ ಹಾಕಿದಂತಾಯಿತು. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಕ್ರಮದಲ್ಲಿ ನೋಡಿದರೆ ಇದು ವರ್ಷಕ್ಕೆ ಸುಮಾರು 18%.

ಮೂರು, ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ವ್ಯಕ್ತಿಗಳಿಗೆ ದಂಡ ಹಾಕುವಂತಿಲ್ಲ. ಅಡಿಕೆ ದುಡ್ಡು ಬಂದ ವರ್ಷ ಒಂದಿಷ್ಟು ಅಸಲು ಕಟ್ಟಿ ಹೊರೆ ಇಳಿಸಿಕೊಳ್ಳಬಹುದು.

ನಾಲ್ಕು, ಸಾಲ ಪೂರ್ತಿ ತೀರಿದ ಮೇಲೆ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು. ಸಾಲ ಕೊಟ್ಟವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಈ ನಿಯಮ ಜಾರಿಯಲ್ಲಿದೆ.

ಕಂತು ಕಟ್ಟದಿದ್ದರೆ? ಬಾಕಿ 90 ದಿನ ದಾಟಿದರೆ ಸಾಲವನ್ನು 'ಅನುತ್ಪಾದಕ' ಎಂದು ಗುರುತಿಸುತ್ತಾರೆ. ಆಮೇಲೆ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್ ಕೊಟ್ಟು, ಕೋರ್ಟಿನಲ್ಲಿ ದಾವೆ ಹೂಡದೆಯೇ ಅಡಮಾನದ ಮನೆ ವಶಪಡಿಸಿಕೊಳ್ಳಲು ಮುಂದಾಗಬಹುದು. ನೋಟಿಸ್ ಬಂದರೆ ಅಡಗಿಸಿ ಇಡಬೇಡಿ. ಲಿಖಿತ ಉತ್ತರ ಕೊಟ್ಟು, ಕಂತು ಮರುಹೊಂದಾಣಿಕೆ ಕೇಳಿ.

ಕಂಟೇನರ್ ಮನೆ, ಗಾಲಿ ಮನೆಗೆ ಗೃಹಸಾಲ ಸಿಗುತ್ತದೆಯೇ?

ಗೃಹಸಾಲದ ಬುಡ ಇರುವುದು ನೆಲದಲ್ಲಿ. ನೆಲ ಮತ್ತು ಅದಕ್ಕೆ ಅಂಟಿಕೊಂಡ ಕಟ್ಟಡ ಎರಡನ್ನೂ ಬ್ಯಾಂಕ್ ಅಡಮಾನ ಮಾಡಿಕೊಳ್ಳುತ್ತದೆ. ಲಾರಿಯಲ್ಲಿ ತಂದು ಇಳಿಸುವ, ಬೇಕೆಂದಾಗ ಎತ್ತಿಕೊಂಡು ಹೋಗಬಹುದಾದ ಪೆಟ್ಟಿಗೆ ಸ್ಥಿರಾಸ್ತಿ ಅಲ್ಲ. ಹಾಗಾಗಿ ಅಂಥದ್ದಕ್ಕೆ ಸಿಗುವುದು ಹೆಚ್ಚಾಗಿ ವೈಯಕ್ತಿಕ ಸಾಲ ಅಥವಾ ಮಾರುವವರೇ ಕೊಡಿಸುವ ಇಎಂಐ.

ವ್ಯತ್ಯಾಸ ನೋಡಿ. 5 ಲಕ್ಷಕ್ಕೆ 5 ವರ್ಷ ಎಂದುಕೊಳ್ಳೋಣ. 9% ಗೃಹಸಾಲವಾದರೆ ಕಂತು ಸುಮಾರು 10,380, ಒಟ್ಟು ಬಡ್ಡಿ ಸುಮಾರು 1.23 ಲಕ್ಷ. 14% ವೈಯಕ್ತಿಕ ಸಾಲವಾದರೆ ಕಂತು ಸುಮಾರು 11,630, ಬಡ್ಡಿ ಸುಮಾರು 1.98 ಲಕ್ಷ. ಅದಕ್ಕಿಂತ ಮುಖ್ಯವಾಗಿ ಗೃಹಸಾಲವನ್ನು 15 ವರ್ಷಕ್ಕೆ ಹಂಚಿಕೊಳ್ಳಬಹುದು, ವೈಯಕ್ತಿಕ ಸಾಲಕ್ಕೆ ಅಷ್ಟು ಅವಧಿ ಸಿಗುವುದಿಲ್ಲ. ಇನ್ನು "ಸೈಟ್ ಬೇಡ" ಎಂಬುದು ಮಾರಾಟದ ಮಾತು. ಪೆಟ್ಟಿಗೆಯನ್ನು ಎಲ್ಲೋ ಒಂದು ಕಡೆ ಇಡಲೇಬೇಕಲ್ಲ?

ಪತ್ರ ಸರಿ ಇಲ್ಲದಿದ್ದರೆ ಯಾವ ಸಾಲವೂ ಇಲ್ಲ

ಹಳ್ಳಿಯಲ್ಲಿ ಸಾಲದ ಅರ್ಜಿಗಳು ಎಡವುವುದು ಹೆಚ್ಚಾಗಿ ಸೈಟಿನ ಪತ್ರದಲ್ಲಿ. ಪಂಚಾಯ್ತಿ ವ್ಯಾಪ್ತಿಯಲ್ಲಿ ಬ್ಯಾಂಕ್ ಕೇಳುವುದು ಸಾಮಾನ್ಯವಾಗಿ ಇವು: ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಕ್ರಯಪತ್ರ ಅಥವಾ ಹಕ್ಕುಪತ್ರ, ಋಣಭಾರ ಪತ್ರ (ಇಸಿ), ಕಂದಾಯ ರಸೀದಿ, ಪಂಚಾಯ್ತಿ ಪರವಾನಗಿ, ಎಂಜಿನಿಯರ್ ಸಹಿ ಮಾಡಿದ ನಕ್ಷೆ ಮತ್ತು ಅಂದಾಜು ಪಟ್ಟಿ. ನಮೂನೆ 11ಬಿ ಮಾತ್ರ ಇದ್ದರೆ ಬ್ಯಾಂಕ್‌ಗಳು ಹಿಂಜರಿಯುವುದುಂಟು.

ತೋಟದಲ್ಲೇ ಮನೆ ಕಟ್ಟಿಕೊಳ್ಳುತ್ತೇವೆ ಎನ್ನುವವರಿಗೆ ಒಂದು ಮಾತು. ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಸಾಗುವಳಿಗೆ ಅನುಕೂಲವಾಗುವ ಕಟ್ಟಡಕ್ಕೆ ಅವಕಾಶ ಕೊಡುತ್ತದೆ. ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಭೂ ಪರಿವರ್ತನೆ ಬೇಕು. ಇನ್ನೊಂದೆಡೆ, ಕೃಷಿ ಭೂಮಿಗೆ ಸರ್ಫೇಸಿ ಕಾಯ್ದೆ ಅನ್ವಯಿಸುವುದಿಲ್ಲ. ಸಾಲ ವಸೂಲಿ ಕಷ್ಟ ಎಂಬ ಕಾರಣಕ್ಕೇ ಪರಿವರ್ತನೆಯಾಗದ ಜಮೀನಿನ ಮೇಲೆ ಬ್ಯಾಂಕ್‌ಗಳು ಗೃಹಸಾಲ ಕೊಡಲು ಮುಂದೆ ಬರುವುದಿಲ್ಲ.

ತಾಂಡಾ, ಹಟ್ಟಿಗಳಲ್ಲಿ ಇರುವವರ ಸ್ಥಿತಿ ಬೇರೆ. ತಲೆಮಾರುಗಳಿಂದ ಮನೆ ಇದ್ದರೂ ಪತ್ರ ಇರುವುದಿಲ್ಲ. ಇಂಥ ಜನವಸತಿಗಳನ್ನು ಕಂದಾಯ ಗ್ರಾಮ ಎಂದು ಘೋಷಿಸಿ ಹಕ್ಕುಪತ್ರ ಕೊಡಲು ಭೂಕಂದಾಯ ಕಾಯ್ದೆಗೆ 94ಡಿ ಕಲಂ ಸೇರಿದೆ. ನಿಮ್ಮ ತಾಂಡಾ ಘೋಷಣೆಯಾಗಿದೆಯೇ ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿ. ಸಾಲದ ಮೊದಲ ಮೆಟ್ಟಿಲು ಬ್ಯಾಂಕ್ ಅಲ್ಲ, ಅದೇ.

ಅಮೃತಾಪುರದವರು ಮರೆಯಬಾರದ 100 ಮೀಟರ್

ಅಮೃತಾಪುರದ ಅಮೃತೇಶ್ವರ ದೇವಾಲಯ 1196ರಲ್ಲಿ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಅಮೃತ ದಂಡನಾಯಕ ಕಟ್ಟಿಸಿದ್ದು. ಇದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ನೋಡಲು ಬರುವವರಿಗೆ ಇದು ಹೆಮ್ಮೆ. ಪಕ್ಕದಲ್ಲಿ ಸೈಟು ಇರುವವರಿಗೆ ಇದು ಕಾನೂನು ಕೂಡ.

ಪುರಾತನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಚಿಕ್ಕದು, ದೊಡ್ಡದು ಎಂಬ ಭೇದ ಇಲ್ಲ. ಇರುವ ಮನೆಯ ದುರಸ್ತಿಗೂ ಅನುಮತಿ ಬೇಕು. ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇಲೆ ಸಕ್ಷಮ ಪ್ರಾಧಿಕಾರ ಅನುಮತಿ ಕೊಟ್ಟರೆ ಮಾತ್ರ ಕಟ್ಟಬಹುದು. ನಿಷೇಧಿತ ಪ್ರದೇಶದಲ್ಲಿ ಕಟ್ಟಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.

"ಪಂಚಾಯ್ತಿ ಲೈಸೆನ್ಸ್ ಇದ್ದರೆ ಸಾಕು" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಸಂರಕ್ಷಿತ ಗುಡಿ, ಕೋಟೆ ಇರುವ ಎಲ್ಲ ಊರುಗಳಿಗೂ ಇದು ಸಲ್ಲುತ್ತದೆ. ಸೈಟು ಕೊಳ್ಳುವ ಮೊದಲೇ ಸರ್ವೆಯವರಿಂದ ದೂರ ಅಳೆಸಿ. ಸಾಲದ ದುಡ್ಡಿನಲ್ಲಿ ಎದ್ದ ಗೋಡೆಗೆ ನೋಟಿಸ್ ಬಂದರೆ ಕೆಲಸ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ.

"ಶೂನ್ಯ ಬಡ್ಡಿ 5 ಲಕ್ಷ" ನಿಜವೇ?

ನಿಜ, ಆದರೆ ಮನೆಗಲ್ಲ. ಸಹಕಾರ ಸಂಘಗಳ ಮೂಲಕ ರೈತರಿಗೆ ಸಿಗುವ ಅಲ್ಪಾವಧಿ ಬೆಳೆ ಸಾಲದ ಶೂನ್ಯ ಬಡ್ಡಿ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಅದನ್ನು ಹೇಳಿದ ಅವಧಿಯೊಳಗೆ ತೀರಿಸಿದರೆ ಮಾತ್ರ ಬಡ್ಡಿ ಇಲ್ಲ. ಬೆಳೆ ಸಾಲ ತಂದು ಗೋಡೆಗೆ ಹಾಕಿದರೆ ಅವಧಿ ಮುಗಿದಾಗ ತೀರಿಸಲು ಬೆಳೆಯೂ ಇಲ್ಲ, ದುಡ್ಡೂ ಇಲ್ಲ. ಆಗ ಬಡ್ಡಿ ರಿಯಾಯಿತಿ ಹೋಗುತ್ತದೆ, ಮುಂದಿನ ವರ್ಷ ಗೊಬ್ಬರಕ್ಕೂ ಸಾಲ ಸಿಗುವುದಿಲ್ಲ.

ಒಡವೆ, ಸಂಘ, ಕೈಸಾಲ: ಯಾವುದು ಯಾವಾಗ?

ಒಡವೆ ಸಾಲ ಬೇಗ ಸಿಗುತ್ತದೆ. ಬಿಲ್ಲಿನ ಕಂತು ಬರುವವರೆಗೆ ಮೂರ್ನಾಲ್ಕು ತಿಂಗಳು ತಳ್ಳಲು ಇದು ಸರಿಯಾದ ದಾರಿ. ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿಯಮದಂತೆ 2.5 ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ 85%, 5 ಲಕ್ಷದವರೆಗೆ 80%, ಅದಕ್ಕೂ ಹೆಚ್ಚಾದರೆ 75% ಮಿತಿ. ಆದರೆ ಹತ್ತು ವರ್ಷದ ಮನೆಸಾಲದ ಬದಲಿಗೆ ಒಡವೆ ಇಟ್ಟು ವರ್ಷ ವರ್ಷ ನವೀಕರಿಸುತ್ತಾ ಹೋಗುವುದು ಹರಾಜಿನ ಕಡೆಗಿನ ದಾರಿ.

ಸ್ವಸಹಾಯ ಸಂಘದ ಸಾಲ ಶೌಚಾಲಯ, ಬಾಗಿಲು ಕಿಟಕಿ, ವೈರಿಂಗ್‌ನಂಥ ಕೊನೆಯ ಕೆಲಸಗಳಿಗೆ ಹೊಂದುತ್ತದೆ. ಮೈಕ್ರೋಫೈನಾನ್ಸ್ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ವಾರ್ಷಿಕ 3 ಲಕ್ಷದೊಳಗಿನ ಆದಾಯದ ಕುಟುಂಬಕ್ಕೆ ಕೊಡುವ ಈ ಸಾಲದಲ್ಲಿ, ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ 50% ದಾಟಬಾರದು ಎಂಬುದು 2022ರ ರಿಸರ್ವ್ ಬ್ಯಾಂಕ್ ನಿಯಮ. ಒಂದರ ಕಂತು ಕಟ್ಟಲು ಇನ್ನೊಂದನ್ನು ತೆಗೆಯುವ ಸ್ಥಿತಿ ಬಂದರೆ ಅಲ್ಲಿಗೇ ನಿಲ್ಲಿಸಿ.

ವಸೂಲಿಗೆಂದು ಮನೆ ಮುಂದೆ ನಿಂತು ಬೈಯುವುದು, ಬೆದರಿಸುವುದು ಅಪರಾಧ. ನೋಂದಣಿ ಇಲ್ಲದ ಸಾಲಗಾರ ಸಂಸ್ಥೆಗಳ ಕಿರುಕುಳ ತಡೆಯಲು ಕರ್ನಾಟಕ 2025ರಲ್ಲಿ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಪೊಲೀಸರಿಗೆ ದೂರು ಕೊಡಬಹುದು.

ಒಂದು ಮನೆಯ ಲೆಕ್ಕ

ಊಹೆಯ ಒಂದು ಕುಟುಂಬ ತೆಗೆದುಕೊಳ್ಳೋಣ. ಮೂರು ಚದರದ ಮನೆ. ಚದರ ಅಡಿಗೆ 2,000 ರೂಪಾಯಿ ಎಂದಿಟ್ಟುಕೊಂಡರೆ 6 ಲಕ್ಷ. (ಇದು ಲೆಕ್ಕಕ್ಕಾಗಿ ಹಿಡಿದ ದರ, ನಿಮ್ಮ ಮೇಸ್ತ್ರಿಯನ್ನು ಕೇಳಿ.) ಬಸವ ವಸತಿಯಿಂದ 1.20 ಲಕ್ಷ, ಕೂಡಿಟ್ಟದ್ದು 1.50 ಲಕ್ಷ. ಕೊರತೆ 3.30 ಲಕ್ಷ.

• ಬ್ಯಾಂಕ್ ಗೃಹಸಾಲ, 9%, 10 ವರ್ಷ: ತಿಂಗಳಿಗೆ ಸುಮಾರು 4,180. ಹತ್ತು ವರ್ಷದಲ್ಲಿ ಬಡ್ಡಿ ಸುಮಾರು 1.72 ಲಕ್ಷ. ಆಮೇಲೆ ಸಾಲ ಸೊನ್ನೆ.
• ಕೈಸಾಲ, ನೂರಕ್ಕೆ ಎರಡು ರೂಪಾಯಿ: ತಿಂಗಳಿಗೆ ಬಡ್ಡಿಯೇ 6,600. ವರ್ಷಕ್ಕೆ 24%.
• ಕೈಸಾಲ, ನೂರಕ್ಕೆ ಮೂರು ರೂಪಾಯಿ: ತಿಂಗಳಿಗೆ ಬಡ್ಡಿಯೇ 9,900. ಮೂರು ವರ್ಷ ಕಟ್ಟಿದರೆ 3,56,400 ಹೋಗಿರುತ್ತದೆ. ಅಸಲು 3.30 ಲಕ್ಷ ಹಾಗೆಯೇ ಉಳಿದಿರುತ್ತದೆ.

"ಮೂರು ರೂಪಾಯಿ" ಎಂದು ಕೇಳಿದರೆ ಚಿಕ್ಕದು. ಬ್ಯಾಂಕಿನ 9% ವರ್ಷಕ್ಕೆ, ಕೈಸಾಲದ 3 ತಿಂಗಳಿಗೆ. ಪತ್ರ ಸರಿಮಾಡಿಸಿಕೊಂಡು ಬ್ಯಾಂಕಿಗೆ ಹೋಗಲು ಆರು ತಿಂಗಳು ತಡವಾದರೂ ಆ ತಡಕ್ಕೆ ಬೆಲೆ ಇದೆ.

ಮೆಸೇಜ್ ಬಂದರೆ ಹೀಗೆ ನೋಡಿ

• ಲಿಂಕ್‌ನ ವಿಳಾಸ 'ಗವ್ ಡಾಟ್ ಇನ್' ಅಥವಾ 'ಎನ್‌ಐಸಿ ಡಾಟ್ ಇನ್' ಎಂದು ಮುಗಿಯುತ್ತದೆಯೇ? ಹೆಸರಿನ ನಡುವೆ 'ಆವಾಸ್' ಎಂದಿದ್ದರೆ ಸಾಲದು.
• ಮಂಜೂರಾತಿಗೆ ಮೊದಲು 'ಫೈಲ್ ಶುಲ್ಕ', 'ಜಿಎಸ್‌ಟಿ', 'ವಿಮೆ' ಎಂದು ಫೋನ್‌ಪೇ ಮಾಡಿಸಿಕೊಳ್ಳುತ್ತಾರೆಯೇ? ಅದು ಮೋಸ.
• ಒಟಿಪಿ ಕೇಳುತ್ತಾರೆಯೇ, ಎಪಿಕೆ ಫೈಲ್ ಇಳಿಸಿಕೊಳ್ಳಿ ಎನ್ನುತ್ತಾರೆಯೇ? ಮುಟ್ಟಬೇಡಿ.
• ದಿನಾಂಕ ಇದೆಯೇ? ಸಮೀಕ್ಷೆಗಳಿಗೆ ನಿಗದಿತ ಅವಧಿ ಇರುತ್ತದೆ. ಮುಗಿದ ಸಮೀಕ್ಷೆಯ ಮೆಸೇಜ್ ವರ್ಷಗಟ್ಟಲೆ ಸುತ್ತುತ್ತದೆ.

ಹಣ ಕಳೆದುಕೊಂಡರೆ ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ವಾಪಸ್ ಸಿಗುವುದು ಕಷ್ಟ. ಬ್ಯಾಂಕ್, ಹಣಕಾಸು ಕಂಪನಿ ದೂರು ಕೇಳದಿದ್ದರೆ ರಿಸರ್ವ್ ಬ್ಯಾಂಕಿನ 14448ರಲ್ಲಿ ಮಾಹಿತಿ ಪಡೆದು ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಕೊನೆಗೆ, ಯಾವ ಕ್ರಮದಲ್ಲಿ ಹೋಗಬೇಕು?

ಮೊದಲು ಸೈಟಿನ ಪತ್ರ ಮತ್ತು ಜಾಗದ ದೂರ. ಆಮೇಲೆ ಪಂಚಾಯ್ತಿ, ಗ್ರಾಮಸಭೆ, ಸಹಾಯಧನ. ಕೊರತೆ ಎಷ್ಟೆಂದು ಗೊತ್ತಾದ ಮೇಲೆ ಬ್ಯಾಂಕ್ ಅಥವಾ ಸಹಕಾರ ಬ್ಯಾಂಕ್. ಕಂತುಗಳ ನಡುವಿನ ಅವಧಿಗೆ ಮಾತ್ರ ಒಡವೆ ಅಥವಾ ಸಂಘದ ಸಾಲ. ಬಡ್ಡಿ ವ್ಯಾಪಾರಿಯ ಬಾಗಿಲು ಈ ಪಟ್ಟಿಯಲ್ಲೇ ಇಲ್ಲ.

ಮನೆ ಕಟ್ಟಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಮುಂದಿನ ಬಾರಿ 2.67 ಲಕ್ಷದ ಮೆಸೇಜ್ ಬಂದಾಗ ಹತ್ತು ಜನರಿಗೆ ಕಳಿಸುವ ಬದಲು, ನಿಮ್ಮ ಊರಿನಲ್ಲಿ ಈ ವರ್ಷ ಮನೆ ಕಟ್ಟಲು ಹೊರಟಿರುವ ಒಬ್ಬರನ್ನು ನೆನಪು ಮಾಡಿಕೊಂಡು ಮೇಲಿನ ಲೆಕ್ಕ ತೋರಿಸಿ.